ಕಡ್ಡಿಯಿಲ್ಲದ ಗುಲಾಬಿ

ಗೆಳತಿ ನಿಶಾಳ ಆರತಕ್ಷತೆಗೆ ಬೊಕೆ ಕಟ್ಟಿಕೊಡುತ್ತೇನೆಂದು ಒಪ್ಪಿಕೊಂಡದ್ದು ನಾನೇ. ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯದು ಅವಳಿಗೆ ಬೇಡವಂತೆ, ಕೈಯಲ್ಲಿ ಕಟ್ಟಿದ್ದೇ ಬೇಕಂತೆ. ವಿಡಿಯೋ ನೋಡಿ ಕಲಿತೆ. ಮುಂಬಯಿ ಬಳಿಯ ಕಲ್ಯಾಣದ ಮಾರ್ಕೆಟ್ಟಿನಿಂದ ಉದ್ದ ಕಡ್ಡಿಯ ಗುಲಾಬಿ ತಂದು ಡೊಂಬಿವಲಿಯ ಮದುವೆ ಹಾಲ್‌ನ ಕೋಣೆಯಲ್ಲಿಟ್ಟೆ. ಸೀರೆ ಉಟ್ಟು ಬರುವಷ್ಟರಲ್ಲಿ ಕಡ್ಡಿಗಳೇ ಇರಲಿಲ್ಲ. ತಟ್ಟೆಯಲ್ಲಿ ಗುಲಾಬಿಯ ತಲೆಗಳು ಮಾತ್ರ ಸಾಲಾಗಿ ಕೂತಿದ್ದವು.

ಪಕ್ಕದಲ್ಲಿ ಕತ್ತರಿ ಹಿಡಿದ ಅಪರಿಚಿತ ಹೆಂಗಸು. ವರನ ಸೋದರತ್ತೆ, ಧಾರವಾಡದವರು.

“ಮಾಲಿ ಕಟ್ಟಾಕ ಕಡ್ಡಿ ಯಾಕ ಬೇಕ, ತಂಗಿ? ಎಲ್ಲಾ ತಗದೇನಿ,” ಎಂದರು ಹೆಮ್ಮೆಯಿಂದ.

“ಮಾಲೆ ಅಲ್ಲಮ್ಮಾ, ಬೊಕೆ! ಅದನ್ನು ಹಿಡಿದೇ ಅವಳು ಈಗ ಸ್ಟೇಜಿಗೆ ಹೋಗಬೇಕು.”

ಅವರ ಮುಖ ಸಣ್ಣದಾಯಿತು. ಸ್ವಲ್ಪ ಯೋಚಿಸಿ ಹೊರಗೆ ಹೋದವರು, ಹಾಲ್‌ನವರು ಇನ್ನೂ ಬಳಸದ ಕಡ್ಡಿ ಕಸಬರಿಗೆಯೊಂದನ್ನು ತಂದರು. ಒಂದೊಂದು ಗುಲಾಬಿಯ ಬುಡಕ್ಕೂ ಒಂದೊಂದು ಕಡ್ಡಿ ಚುಚ್ಚಿದೆವು. ನಾನು ಓರೆಯಾಗಿ ಜೋಡಿಸಿ ಹಿಡಿದೆ, ಅವರು ದಾರ ಬಿಗಿದು ರಿಬ್ಬನ್ ಸುತ್ತಿದರು. ಬೇಸರದ ಸಂಗತಿಯೆಂದರೆ, ಅದು ವಿಡಿಯೋದಲ್ಲಿದ್ದುದಕ್ಕಿಂತ ಚೆನ್ನಾಗಿತ್ತು.

ಕಥೆ ಕೇಳಿದ ನಿಶಾ ನಕ್ಕು ನಕ್ಕು ಕಾಡಿಗೆ ಕೆಡಿಸಿಕೊಂಡಳು. ಸೋದರತ್ತೆ ಬಿಟ್ಟಾರೆಯೇ?

“ಮನಿ ತುಂಬೂ ಮೊದಲ ಕಸಬರಿಗಿ ಹಿಡದಾಳ, ಸೊಸಿ ಭಾಳ ಶ್ಯಾಣ್ಯಾಕಿ!”

“ಅಚ್ಛಾ?” ಎಂದ ನಿಶಾ, ಸ್ಟೇಜ್ ಹತ್ತಿದೊಡನೆ ಅದನ್ನು ವರನ ಕೈಗೆ ಕೊಟ್ಟಳು. ಕೊನೆಯ ಫೋಟೋದವರೆಗೂ ಅವನೇ ಹಿಡಿದು ನಿಂತಿದ್ದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅತ್ತೆಯೇ.

ಮದುವೆಯ ಶಾಸ್ತ್ರಗಳಲ್ಲಿ ನನಗೆ ನಂಬಿಕೆಯಿಲ್ಲ. ಇದೊಂದನ್ನು ಮಾತ್ರ ಸೇರಿಸಿಕೊಳ್ಳಬಹುದು.