ಮೈಕ್ರೋಸ್ಕೋಪಿನಲ್ಲಿ ನನಗೆ ಕಾಣದ ಹಳದಿ

ನಾಗಸಂದ್ರಕ್ಕೆ ಮೆಟ್ರೋ ಬಂದ ಹೊಸತರಲ್ಲಿ ನನಗೆ ಪೀಣ್ಯದ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಗದಗದ ಕಡೆಯವನು ನಾನು. ಅದಕ್ಕೂ ಮುಂಚೆ ರೈಲ್ವೆ ಪರೀಕ್ಷೆ ಪಾಸಾಗಿ, ಕಣ್ಣಿನ ತಪಾಸಣೆಯಲ್ಲಿ ಬಿದ್ದಿದ್ದೆ. ಬಣ್ಣದ ಚುಕ್ಕೆಗಳ ನಡುವೆ ಅಡಗಿರುವ ಅಂಕಿ ಓದು ಅಂದರು; ನನಗೆ ಬರೀ ಚುಕ್ಕೆ ಕಂಡವು. ಕೆಂಪು, ಹಸಿರು ನನ್ನ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಲ್ಯಾಬಿನಲ್ಲಿ ಅದರಿಂದ ತೊಂದರೆ ಬರಲಿಕ್ಕಿಲ್ಲ ಅಂದುಕೊಂಡು ಬಾಗಲಗುಂಟೆಯಲ್ಲಿ ರೂಮು ಹಿಡಿದೆ.

ಅಲ್ಲಿ ಆಂಟಿಬಾಡಿ ತಯಾರಿಸುತ್ತಿದ್ದರು. ಜೀವಕೋಶದೊಳಗೆ ಸಾವಿರಾರು ಪ್ರೋಟೀನುಗಳಿದ್ದರೂ ತನಗೆ ಬೇಕಾದ ಒಂದನ್ನೇ ಹುಡುಕಿ ಅಂಟಿಕೊಳ್ಳುವ ವಸ್ತು ಅದು. ನನ್ನ ಪಾಲಿಗೆ ಬಂದದ್ದು ಪಾರ್ಕಿನ್ಸನ್ ಅನ್ನುವ ಕೈನಡುಕದ ಕಾಯಿಲೆಗೆ ಸಂಬಂಧಿಸಿದ ಪ್ರೋಟೀನು. ಅದು ಇರುವುದು ಮೈಟೊಕಾಂಡ್ರಿಯಾದಲ್ಲಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳಲ್ಲಿ. ಆಂಟಿಬಾಡಿಗೆ ಹಸಿರಾಗಿ ಹೊಳೆಯುವ ಬಣ್ಣ ಕೂಡಿಸಿರುತ್ತಿದ್ದರು, ಮೈಟೊಕಾಂಡ್ರಿಯಾಗೆ ಕೆಂಪು. ಎರಡೂ ಒಂದೇ ಜಾಗದಲ್ಲಿ ಬಿದ್ದು ಹಳದಿ ಕಂಡರೆ, ಆಂಟಿಬಾಡಿ ಸರಿಯಾದ ಕಡೆ ಅಂಟಿದೆ ಅಂತ ಅರ್ಥ.

ಮೊದಲ ವಾರವೇ ನಮ್ಮ ತಂಡದ ಮೇಡಂ ನನ್ನನ್ನು ಮೈಕ್ರೋಸ್ಕೋಪಿನ ಕತ್ತಲೆ ಕೋಣೆಗೆ ಕರೆದೊಯ್ದು ಕಂಪ್ಯೂಟರಿನ ಮುಂದೆ ಕೂರಿಸಿದರು.

"ಹಳದಿ ಎಲ್ಲೆಲ್ಲಿದೆ, ತೋರಿಸಿ."

ಪರದೆ ತುಂಬ ಕೆಸರಿನಂಥದ್ದೇನೋ ಹೊಳೆಯುತ್ತಿತ್ತು.

"ಮೇಡಂ, ನನಗ ಕೆಂಪು, ಹಸಿರು ಗೊತ್ತಾಗಂಗಿಲ್ರಿ. ಹುಟ್ಟಿದಾಗಿಂದ."

ಅವರು ಮೌಸನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ, "ಹೋಗಿ ಟೀ ಕುಡ್ಕೊಂಡು ಬನ್ನಿ," ಅಂದರು.

ಗೇಟಿನ ಹೊರಗಿನ ಅಂಗಡಿಯಲ್ಲಿ ಟೀ ಹಿಡಿದು ನಿಂತೆ. ಇದೂ ಹೋಯಿತು, ಅವ್ವನಿಗೆ ಏನಂತ ಹೇಳಲಿ ಅನ್ನುವುದೇ ತಲೆಯಲ್ಲಿ.

ವಾಪಸು ಬಂದಾಗ ಪರದೆಯ ಮೇಲೆ ಅದೇ ಚಿತ್ರ ಬೇರೆ ಥರ ಇತ್ತು. ಕೆಂಪಿನ ಬದಲು ಮೇಡಂ ಕೆಂಪು, ನೀಲಿ ಬೆರೆತ ಮೆಜೆಂಟಾ ಬಣ್ಣ ಹಾಕಿದ್ದರು. ಹಸಿರಿನ ಜೊತೆ ಅದು ಸೇರಿದಲ್ಲೆಲ್ಲ ಮೈಟೊಕಾಂಡ್ರಿಯಾ ಬಿಳಿ ದಾರದ ತುಂಡುಗಳ ಹಾಗೆ ಎದ್ದು ಕಾಣುತ್ತಿದ್ದವು.

"ಈಗ?"

"ಬಿಳಿ ಕಾಣಸ್ತೈತ್ರಿ. ಇಲ್ಲಿ... ಇಲ್ಲಿ... ಇಲ್ಲೂ ಐತಿ."

"ಅಷ್ಟೇ ಬೇಕಾಗಿರೋದು. ಈ ಕ್ಯಾಮೆರಾಗೂ ಬಣ್ಣ ಕಾಣಲ್ಲ ಕಣ್ರೀ. ಬೆಳಕು ಎಲ್ಲಿ ಎಷ್ಟಿದೆ ಅಂತ ಮಾತ್ರ ನೋಡುತ್ತೆ. ಬಣ್ಣ ನಾವು ಆಮೇಲೆ ಹಚ್ಕೊಳ್ಳೋದು."

ಕೋಣೆ ಕತ್ತಲಾಗಿದ್ದದ್ದು ಒಳ್ಳೆಯದಾಯಿತು. ನನ್ನ ಕಣ್ಣು ತುಂಬಿದ್ದು ಅವರಿಗೆ ಕಾಣಲಿಲ್ಲ.

ಊಟದ ಹೊತ್ತಿಗೆ ವಿಷಯ ಎಲ್ಲರಿಗೂ ಗೊತ್ತಾಗಿತ್ತು. "ಮಗಾ, ಸಿಗ್ನಲ್‌ನಲ್ಲಿ ಏನ್ ಮಾಡ್ತೀಯ?" ಅಂತ ಜೊತೆಯವನೊಬ್ಬ ಕೇಳಿದ. "ಮ್ಯಾಲಿನ ದೀಪ ಹತ್ತಿದ್ರ ನಿಲ್ತೀನಿ," ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಜೆಯೊಳಗೆ ಅವನೇ ಕೆಂಪು, ಹಸಿರು ಮುಚ್ಚಳದ ಬಾಟಲಿಗಳ ಮೇಲೆಲ್ಲ ಮಾರ್ಕರಿನಲ್ಲಿ ದಪ್ಪಗೆ ಹೆಸರು ಬರೆದಿಟ್ಟಿದ್ದ.

ಕೆಲವು ತಿಂಗಳಾದ ಮೇಲೆ ಆ ಆಂಟಿಬಾಡಿಯ ಚಿತ್ರಗಳನ್ನು ಅದೇ ಮೆಜೆಂಟಾ, ಹಸಿರಿನಲ್ಲಿ ಮೀಟಿಂಗಿನಲ್ಲಿ ತೋರಿಸಿದೆ. ವಯಸ್ಸಾದ ನಮ್ಮ ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು.

"ಇಷ್ಟು ವರ್ಷ ನೀವೆಲ್ಲ ಹಳದಿ, ಹಳದಿ ಅಂದಾಗ ಸುಮ್ನೆ ತಲೆ ಆಡಿಸ್ತಿದ್ದೆ. ನನ್ನ ಕಣ್ಣೂ ಇವರ ಥರಾನೇ. ಇವತ್ತೇ ನೆಟ್ಟಗೆ ಕಂಡಿದ್ದು. ಇನ್ಮೇಲೆ ಎಲ್ಲಾ ಚಿತ್ರಾನೂ ಹಿಂಗೇ ಇರಲಿ."

ಮೆಟ್ಟಿಲಿಳಿಯುವಾಗ ಮೇಡಂಗೆ ಥ್ಯಾಂಕ್ಸ್ ಹೇಳಿದೆ. "ಅಯ್ಯೋ, ಎರಡು ಕ್ಲಿಕ್ ಅಲ್ವೇನ್ರೀ," ಅಂದು ಸರಸರ ನಡೆದುಬಿಟ್ಟರು. ಅವರಿಗೆ ಅಷ್ಟೇ ಇದ್ದೀತು. ನಾನು ಆ ಮೈಕ್ರೋಸ್ಕೋಪಿನ ಮುಂದೆ ವರ್ಷಗಟ್ಟಲೆ ಕೂತೆ. ಬಾಗಲಗುಂಟೆಯಲ್ಲೇ ಸ್ವಲ್ಪ ದೊಡ್ಡ ಮನೆ ಹಿಡಿದು, ಅವ್ವನನ್ನು ಕರೆತಂದೆ.