ಮಂಗಳವಾರದ ಸಾಲು

ನಮ್ಮ ಬೆಕ್ಕು ಪಿಕಲ್ ಮೊದಲ ಸಲ ವಾಂತಿ ಮಾಡಿಕೊಂಡದ್ದು ರೋಹನನ ಶಾಲೆಯ ಬೂಟಿನೊಳಗೆ. ಬೆಳಿಗ್ಗೆ ಏಳೂವರೆ. ರೋಹನ, ನೀನು ಕಾಲು ಹಾಕಿದೆ, ಕಿರುಚಿದೆ, ಆಮೇಲೆ ಬಿದ್ದು ಬಿದ್ದು ನಕ್ಕೆ. ಅನ್ವಿ, ನೀನು ಮೂಗು ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಓಡಿದೆ. ಎಲ್ಲರೂ ಹೊರಟುಹೋದ ಮೇಲೆ ನಾನು ಬೂಟನ್ನು ತೊಳೆದು ರೇಡಿಯೇಟರಿನ ಮೇಲೆ ಒಣಗಿಸಿದೆ. ಬೆಕ್ಕು ಆಗಾಗ ಕೂದಲಿನ ಉಂಡೆ ಕಾರುತ್ತದೆ, ಅದರಲ್ಲೇನಿದೆ ಎಂದುಕೊಂಡೆ.

ಅದರಲ್ಲಿ ಕೂದಲಿರಲಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೆ ಬರೆಯಲು ಬರುವುದು ಅದೊಂದೇ, ಅದೂ ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತದ್ದು. ನಿಮ್ಮಿಬ್ಬರಿಗೆ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಿಮ್ಮವ್ವ ಓದಿ ಹೇಳಲಿ. ಸುಧಾ, ನಡುವೆ ಎಲ್ಲಿಯೂ ಬಿಟ್ಟು ಓದಬೇಡ. ನಿನಗೆ ಬಿಡಬೇಕೆನ್ನಿಸುವ ಜಾಗದಲ್ಲೇ ನಾನು ಹೇಳಬೇಕಾದದ್ದು ಇದೆ.

ಬೂಟಿನ ಮರುವಾರ ಸೋಫಾದ ಹಿಂದೆ. ಆಮೇಲೆ ಮೆಟ್ಟಿಲಿನ ಕಾರ್ಪೆಟ್ಟಿನ ಮೇಲೆ. ಅಡುಗೆಮನೆಯ ನುಣುಪು ನೆಲವೊಂದು ಒರೆಸಲು ಸುಲಭ, ಅಲ್ಲಿ ಮಾತ್ರ ಅವಳು ಎಂದೂ ಮಾಡಲಿಲ್ಲ. ಮೊದಲು ಗಂಟಲೊಳಗಿಂದ ಕರು ಕೂಗಿದ ಹಾಗೆ ಒಂದು ಸದ್ದು. ಆಮೇಲೆ ಹಿಂದೆ ಹಿಂದೆ ಸರಿಯುವುದು, ಹೊಟ್ಟೆ ಒಳಗೆ ಹೋಗಿ ಹೊರಗೆ ಬರುವುದು. ಆ ಸದ್ದು ಕೇಳಿದರೆ ನಾನು ಇದ್ದ ಕೆಲಸ ಬಿಟ್ಟು ಹಳೆಯ ಪೇಪರ್ ಹಿಡಿದು ಓಡುತ್ತಿದ್ದೆ. ಹತ್ತು ಸಲದಲ್ಲಿ ಎರಡು ಸಲ ಸರಿಯಾದ ಹೊತ್ತಿಗೆ ಮುಟ್ಟುತ್ತಿದ್ದೆ.

ಎರಡು ತಿಂಗಳಲ್ಲಿ ಅವಳ ಬೆನ್ನಿನ ಎಲುಬು ಕೈಗೆ ಸಿಗತೊಡಗಿತು. ನಾನು ಅವಳನ್ನು ಪಿಕ್ಕವ್ವ ಎನ್ನುತ್ತೇನೆ, ನಿಮಗೆ ಅದು ನಗು ತರಿಸುತ್ತದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಊರು ಬಿಟ್ಟು ಈ ದೇಶಕ್ಕೆ, ಫೆಲ್ಥಮ್ಮಿನ ಈ ಮನೆಗೆ ಬಂದೆ. ನೀವು ಶಾಲೆಗೆ, ನಿಮ್ಮವ್ವ ಆಫೀಸಿಗೆ, ನಿಮ್ಮಪ್ಪ ಏರ್‌ಪೋರ್ಟಿನ ಕಾರ್ಗೋ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಮನೆಯಲ್ಲಿ ನಾನು ಮಾತನಾಡುತ್ತಿದ್ದದ್ದು ಅವಳೊಬ್ಬಳ ಜೊತೆ. ವಿಮಾನ ತಲೆಯ ಮೇಲೆ ಹಾದರೆ ಇಬ್ಬರೂ ಒಟ್ಟಿಗೆ ಮೇಲೆ ನೋಡುತ್ತಿದ್ದೆವು. ಅವಳು ತೂಕ ಕಳೆದುಕೊಳ್ಳುತ್ತಿರುವುದು ನಿಮಗಿಂತ ಮೊದಲು ನನ್ನ ತೊಡೆಗೆ ತಿಳಿಯಿತು.

ವೆಟ್ ಹತ್ತಿರ, ಅಂದರೆ ಪ್ರಾಣಿಗಳ ಡಾಕ್ಟರ್ ಹತ್ತಿರ, ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತೋಳಿನ ತುಂಬ ಬೆಕ್ಕಿನ ಪರಚು. ಮೊದಲು ಹುಳದ ಮಾತ್ರೆ. ಎರಡನೆಯ ಸಲ ವಾಂತಿ ನಿಲ್ಲಿಸುವ ಇಂಜೆಕ್ಷನ್. ಮೂರನೆಯ ಸಲ ಬ್ಲಡ್ ಟೆಸ್ಟ್. ಕಿಡ್ನಿ ನಾರ್ಮಲ್. ಥೈರಾಯ್ಡ್ ನಾರ್ಮಲ್. ಪ್ಯಾಂಕ್ರಿಯಾಸ್ ನಾರ್ಮಲ್. ಒಂದೊಂದು ನಾರ್ಮಲ್ ಕೇಳಿದಾಗಲೂ ನಿಮ್ಮವ್ವನ ಮುಖ ಇನ್ನಷ್ಟು ಸಣ್ಣದಾಯಿತು. ಎಲ್ಲ ಸರಿಯಿದ್ದರೆ ನಾಲ್ಕು ಕಿಲೋ ಇದ್ದ ಬೆಕ್ಕು ಮೂರು ಕಿಲೋ ಹೇಗಾಯಿತು?

ಅವತ್ತು ವೆಟ್ ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಎನಿ ಟ್ರೀಟ್ಸ್? ಎನಿ ಮಿಲ್ಕ್? ಎನಿಥಿಂಗ್ ಫ್ರಮ್ ದ ಟೇಬಲ್?"

"ನೋ, ನೋ. ಓನ್ಲಿ ಕ್ಯಾಟ್ ಫುಡ್" ಎಂದಳು ನಿಮ್ಮವ್ವ. ಆಮೇಲೆ ನನ್ನ ಕಡೆ ತಿರುಗಿ, "ಹೌದಲ್ಲ ಅವ್ವ, ಬ್ಯಾರೆ ಏನೂ ಹಾಕಂಗಿಲ್ಲಲ್ಲ ನಾವು?" ಎಂದಳು.

ನನಗೆ ಇಂಗ್ಲಿಷ್ ತಿಳಿಯುವುದಿಲ್ಲವೆಂದು ನೀವೆಲ್ಲ ತಿಳಿದಿದ್ದಿರಿ. ಮಾತನಾಡಲು ನಾಚಿಕೆ, ಅಷ್ಟೆ. ಮಿಲ್ಕ್ ಎಂದರೆ ಏನೆಂದು ಅವಳು ಕನ್ನಡದಲ್ಲಿ ಕೇಳುವ ಮೊದಲೇ ನನಗೆ ತಿಳಿದಿತ್ತು.

ನಾನು ತಲೆ ಅಲ್ಲಾಡಿಸಿದೆ. ಇಲ್ಲ ಎಂದು.

ಈಗ ಸೋಮವಾರದ ಮಾತು ಹೇಳಬೇಕು. ಮದುವೆಯಾದ ವರ್ಷದಿಂದ ನನ್ನದು ಸೋಮವಾರ ಒಪ್ಪತ್ತು. ಬೆಳಿಗ್ಗೆ ಸ್ನಾನ, ಪೂಜೆ, ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಊಟ. ಆ ದಿನ ಮನೆಯಲ್ಲಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಪಿಕ್ಕವ್ವನ ಟಿನ್ನುಗಳಲ್ಲಿ ಇರುವುದು ಕೋಳಿ, ಮೀನು. ಬೇರೆ ದಿನ ನಾನೇ ತೆಗೆದು ಹಾಕುತ್ತಿದ್ದೆ, ಆಮೇಲೆ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದೆ. ಸೋಮವಾರ ಮಾತ್ರ ಕೈ ಬರಲಿಲ್ಲ. ಹಾಗಂತ ಅವಳನ್ನು ಉಪವಾಸ ಕೆಡವುತ್ತೇನೆಯೇ? ಬಿಸಿ ಅನ್ನ ಮೆತ್ತಗೆ ಕಿವುಚಿ, ಮೇಲೆ ಕೆನೆ ಹಾಲು ಸುರಿದು ಹಾಕುತ್ತಿದ್ದೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ನಮ್ಮೂರಲ್ಲಿ ಬೆಕ್ಕು ಬೆಳೆಯುವುದೇ ಹಾಲಿನಲ್ಲಿ. ಅವಳು ಬಟ್ಟಲು ನೆಕ್ಕಿ ಹೊಳಪು ಬರಿಸುತ್ತಿದ್ದಳು. ಅದನ್ನು ನೋಡಿ ನಾನು ಹಿಗ್ಗುತ್ತಿದ್ದೆ.

ಮತ್ತೆ ಯಾಕೆ ಸುಳ್ಳು ಹೇಳಿದೆ? ಮಗಳ ಮನೆಯಲ್ಲಿ ಇರುವವಳು ನಾನು. ಟಿವಿ ನಿಮ್ಮದು, ಊಟದ ಹೊತ್ತು ನಿಮ್ಮದು, ಶನಿವಾರದ ಪಿಜ್ಜಾ ನಿಮ್ಮದು. ಯಾವುದಕ್ಕೂ ಬೇಡ ಎಂದವಳಲ್ಲ. ಸೋಮವಾರ ಒಂದೇ ನನ್ನದು ಎಂದು ಇಟ್ಟುಕೊಂಡಿದ್ದೆ. ಬಾಯಿ ಬಿಟ್ಟರೆ ಅದೂ ಹೋಗುತ್ತದೆ ಎಂದು ಹೆದರಿದೆ. ಹಾಲಿನಿಂದ ಏನೂ ಆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ವಾಂತಿ ಆದ ದಿನಗಳನ್ನು ಬರೆದಿಡಿ ಎಂದು ವೆಟ್ ಹೇಳಿದ್ದಳು. ಇಡೀ ದಿನ ಮನೆಯಲ್ಲಿರುವವಳು ನಾನಾದ್ದರಿಂದ ಆ ಕೆಲಸ ನನಗೆ ಬಂತು. ಧಾರವಾಡದಿಂದ ತಂಗಿ ಪ್ರತಿ ವರ್ಷ ಕಳಿಸುವ ಕ್ಯಾಲೆಂಡರ್ ಅಡುಗೆಮನೆಯ ಗೋಡೆಗಿದೆ. ಅದರ ಮೊಳೆಗೆ ದಾರ ಕಟ್ಟಿ ಪೆನ್ಸಿಲ್ ಇಳಿಬಿಟ್ಟೆ. ವಾಂತಿಯಾದರೆ ಆ ದಿನದ ಮನೆಯಲ್ಲಿ ಒಂದು ಸೊನ್ನೆ. ನಿಮ್ಮ ಶಾಲೆಯ ಕ್ಯಾಲೆಂಡರಿನಲ್ಲಿ ವಾರಗಳು ಮೇಲಿನಿಂದ ಕೆಳಗೆ ಇಳಿಯುತ್ತವೆ. ನಮ್ಮದರಲ್ಲಿ ಅಡ್ಡ ಸಾಲು. ಸೋಮವಾರಗಳೆಲ್ಲ ಒಂದು ಸಾಲು, ಮಂಗಳವಾರಗಳೆಲ್ಲ ಒಂದು ಸಾಲು.

ಅನ್ವಿ, ನೀನು ಒಂದು ಸಂಜೆ ಸೀರಿಯಲ್ ತಿನ್ನುತ್ತಾ ಅದರ ಮುಂದೆ ನಿಂತೆ. ಸೊನ್ನೆಗಳು ಅಲ್ಲಿ ಇಲ್ಲಿ ಇದ್ದವು. ಒಂದು ಸಾಲಿನಲ್ಲಿ ಮಾತ್ರ ಒಂದೂ ತಪ್ಪಿರಲಿಲ್ಲ.

"ಆಯಿ, ವಿಚ್ ಡೇ ಈಸ್ ದಿಸ್?"

"ಮಂಗಳವಾರ."

"ಟ್ಯೂಸ್‌ಡೇ? ವಾಟ್ ಹ್ಯಾಪನ್ಸ್ ಆನ್ ಟ್ಯೂಸ್‌ಡೇ?"

"ಏನಿಲ್ಲವ್ವಾ. ಏನಾಗ್ತದ ಮಂಗಳವಾರ? ಕಸ ಒಯ್ಯೋ ಬಿನ್ ಲಾರಿ ಬರ್ತದ."

ಎರಡನೆಯ ಸುಳ್ಳು. ನೀನು ಅದನ್ನು ನಂಬಿ, ಬಿನ್ ಲಾರಿಯ ಸದ್ದಿಗೆ ಪಿಕಲ್ ಹೆದರುತ್ತಿರಬಹುದೆಂದು ಎರಡು ಮಂಗಳವಾರ ಮುಂಜಾನೆ ಕಿಟಕಿ ಮುಚ್ಚಿ ಅವಳನ್ನು ಎತ್ತಿಕೊಂಡು ಕುಳಿತೆ. ಆ ಎರಡು ವಾರ ನಾನು ಹಾಲು ಅರ್ಧ ಮಾಡಿದೆ. ಪೂರ್ತಿ ಬಿಡಲಿಲ್ಲ. ನನ್ನ ಹಟಕ್ಕೆ ಬೇರೆ ಹೆಸರು ಗೊತ್ತಿಲ್ಲ.

ಆಮೇಲೆ ಸ್ಕ್ಯಾನ್ ಆಯಿತು. ಹೊಟ್ಟೆಯ ಕೂದಲು ಬೋಳಿಸಿದ್ದರು, ಚರ್ಮ ಗುಲಾಬಿ ಬಣ್ಣಕ್ಕೆ ಕಾಣುತ್ತಿತ್ತು. ಕರುಳಿನ ಗೋಡೆ ಸ್ವಲ್ಪ ದಪ್ಪ ಇದೆಯಂತೆ. ಬರೀ ಉರಿಯೂತ ಇರಬಹುದು, ಕ್ಯಾನ್ಸರ್ ಕೂಡ ಇರಬಹುದು. ನೋಡಿ ಹೇಳಲು ಆಗುವುದಿಲ್ಲ, ಹೊಟ್ಟೆ ತೆರೆದು ಬಯಾಪ್ಸಿ ಮಾಡಬೇಕು. ಅವಳು ಇಷ್ಟು ಸೊರಗಿರುವುದರಿಂದ ಅನಸ್ತೇಶಿಯಾದ ಅಪಾಯ ಹೆಚ್ಚು. ಮುಂದಿನ ಶುಕ್ರವಾರ ಎಂದು ಗೊತ್ತಾಯಿತು.

ರೋಹನ, ಆ ಸಂಜೆ ನೀನು ಊಟದ ಮೇಜಿನ ಮುಂದೆ ಕೇಳಿದೆ. "ಈಸ್ ಶಿ ಗೋಯಿಂಗ್ ಟು ಡೈ?"

ನಿಮ್ಮವ್ವ ನಿನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ನಾನು ಬಾಯಿ ಬಿಡದೇ ಇದ್ದದ್ದಕ್ಕೆ ಅವಳ ಹೊಟ್ಟೆ ಕೊಯ್ಯುತ್ತಾರೆ. ಆದರೂ ಅವತ್ತು ಹೇಳಲಿಲ್ಲ. ನಾಳೆ ಎಂದೆ. ನಾಳೆಯೂ ಹೇಳಲಿಲ್ಲ.

ಶನಿವಾರ ಬಿ-ಟ್ವೆಲ್ವ್ ಇಂಜೆಕ್ಷನ್ ಇತ್ತು. ನಿಮ್ಮವ್ವನಿಗೆ ಆಫೀಸು, ನಿಮ್ಮಪ್ಪನಿಗೆ ಶಿಫ್ಟು. ಅನ್ವಿ, ನೀನೂ ನಾನೂ ಪಿಕ್ಕವ್ವನನ್ನು ಬುಟ್ಟಿಯಲ್ಲಿಟ್ಟುಕೊಂಡು ಹೌನ್ಸ್ಲೋಗೆ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವಳು ಕೂಗಲಿಲ್ಲ. ಮೊದಲಾದರೆ ಇಡೀ ಬಸ್ಸು ತಿರುಗಿ ನೋಡುವ ಹಾಗೆ ಕೂಗುತ್ತಿದ್ದಳು. ಬುಟ್ಟಿಯ ಕಿಂಡಿಯಲ್ಲಿ ಬೆರಳು ತೂರಿಸಿದೆ. ಬಿಸಿ ಮೂಗು ಬಂದು ತಾಗಿತು.

ವೆಟ್ ಸೂಜಿ ಚುಚ್ಚಿದಳು. ಶುಕ್ರವಾರ ಎಷ್ಟು ಗಂಟೆಗೆ ತರಬೇಕು ಎಂದು ನಿನಗೆ ಹೇಳತೊಡಗಿದಳು. ನಾನು ಕುರ್ಚಿಯಿಂದ ಎದ್ದೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗ ನಿಲ್ಲುತ್ತಿದ್ದ ಹಾಗೆ ನಿಂತೆ.

"ಡಾಕ್ಟರ್. ಮಂಡೇ ಐ ಗಿವ್ ಮಿಲ್ಕ್."

ಇಬ್ಬರೂ ತಿರುಗಿದಿರಿ.

"ಮಿಲ್ಕ್ ಅಂಡ್ ರೈಸ್. ಎವರಿ ಮಂಡೇ. ಟು ಟೈಮ್ಸ್. ನೋಬಡಿ ನೋ. ಮೈ ಮಿಸ್ಟೇಕ್."

ಇಷ್ಟು ಇಂಗ್ಲಿಷ್ ನಾನು ಈ ದೇಶದಲ್ಲಿ ಒಟ್ಟಿಗೆ ಆಡಿದ್ದು ಅದೇ ಮೊದಲು. ಬೈಗುಳಕ್ಕೆ ಕಾದೆ. ವೆಟ್ ತನ್ನ ಸ್ಟೂಲನ್ನು ನನ್ನ ಹತ್ತಿರ ಎಳೆದುಕೊಂಡು ಕುಳಿತಳು. ಎಷ್ಟು ಹಾಲು, ಎಷ್ಟು ಕಾಲದಿಂದ, ಬೇರೇನಾದರೂ ಹಾಕುತ್ತೀರಾ ಎಂದು ನಿಧಾನವಾಗಿ ಕೇಳಿ ಬರೆದುಕೊಂಡಳು. ಹೇಳಿದ್ದು ಒಳ್ಳೆಯದಾಯಿತು, ಥ್ಯಾಂಕ್ ಯೂ ಎಂದಳು. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲವಂತೆ. ಆದರೆ ಇದೆಲ್ಲ ಹಾಲಿನಿಂದಲೇ ಎಂದು ಹೇಳಲಾಗದು, ಉಳಿದ ದಿನಗಳ ವಾಂತಿಗೂ ಕರುಳಿಗೂ ಕಾರಣ ಬೇರೆ ಇದ್ದೀತು ಎಂದಳು. ಬಯಾಪ್ಸಿ ಮುಂದಕ್ಕೆ ಹಾಕಿದಳು. ಎಂಟು ವಾರ ಹೊಟ್ಟೆಗೆ ಹಗುರವಾದ ಒಂದು ವಿಶೇಷ ಆಹಾರ, ಅದು ಬಿಟ್ಟು ಒಂದು ಅಗುಳೂ ಇಲ್ಲ. ತೂಕ ಇನ್ನೂ ಇಳಿದರೆ ಕೂಡಲೇ ಕರೆತರಬೇಕು.

ಬಸ್ಸಿನಲ್ಲಿ ನೀನು ಕಿಟಕಿಯ ಹೊರಗೇ ನೋಡುತ್ತಿದ್ದೆ.

"ಯು ಸ್ಪೀಕ್ ಇಂಗ್ಲಿಷ್" ಎಂದೆ.

"ಹೂಂ."

"ಯು ಲೈಡ್ ಟು ಮಿ. ಬಿನ್ ಲಾರಿ!"

"ಹೂಂನವ್ವಾ. ತಪ್ಪಾತು."

ನೀನು ನನ್ನ ಕಡೆ ತಿರುಗಿದೆ. "ಆರ್ ಯು ಟೆಲ್ಲಿಂಗ್ ಮಮ್, ಆರ್ ಆಮ್ ಐ?"

"ನಾನ ಹೇಳ್ತೀನಿ."

ಬುಟ್ಟಿ ನಿನ್ನ ತೊಡೆಯ ಮೇಲಿತ್ತು. ಅದನ್ನು ನೀನು ಅರ್ಧ ನನ್ನ ತೊಡೆಯ ಮೇಲೆ ಸರಿಸಿದೆ.

ನಿಮ್ಮವ್ವ ಬಂದು ಕೋಟು ತೆಗೆಯುವ ಮೊದಲೇ ಹೇಳಿದೆ. ಒಂದು ತೋಳು ಕೋಟಿನಲ್ಲೇ ಇತ್ತು.

"ಅವ್ವ, ಆಕೀನ್ನ ಶುಕ್ರವಾರ ಕೊಯ್ಯಾವರಿದ್ರು. ಇಷ್ಟು ದಿನಾ ಯಾಕ ಹೇಳ್ಲಿಲ್ಲ ನೀ?"

"ಹೇಳಿದ್ರ ಸೋಮವಾರ ಬಿಡು ಅಂತೀರಿ ಅನಸ್ತು."

ಸುಧಾ, ನೀನು ಆಗ ಅತ್ತೆ. ಬೆಕ್ಕಿಗಾಗಿ ಅಲ್ಲವೆಂದು ನನಗೆ ಗೊತ್ತು. "ನಿನ್ನ ಸೋಮವಾರ ಬಿಡ್ಸಾಕಿ ನಾ ಯಾರವ್ವ? ನಿನಗ ಮುಟ್ಟಾಕ ಬ್ಯಾಡಾಗಿದ್ರ ನಾ ಹಾಕಿ ಹೋಗತಿದ್ದೆ. ಒಂದ ಮಾತು ಕೇಳಬಾರದಾ?"

ಕೇಳುವುದು ನನಗೆ ಯಾವಾಗಲೂ ಕಷ್ಟ. ಕೊಡುವುದು ಸುಲಭ, ಹಾಲು ಕೊಟ್ಟ ಹಾಗೆ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ನಿಮ್ಮಪ್ಪ ಕೊನೆಗೆ ಬಾಯಿ ತೆರೆದ. "ಅತ್ತಿ, ಕೆನಿ ಹಾಲು, ಬಿಸಿ ಅನ್ನ! ಅಳಿಯಗ ಒಂದ ಸೋಮವಾರನೂ ಕರದು ಹಾಕ್ಲಿಲ್ಲ ನೋಡ್ರಿ ನೀವು." ನಿಮ್ಮವ್ವ ಅವನಿಗೆ ಕೋಟಿನಿಂದಲೇ ಬಾರಿಸಿದಳು. ಅಳುತ್ತಲೇ ನಕ್ಕಳು.

ಎಂಟು ವಾರ ಮುಗಿದು ಇನ್ನೂ ಮೂರು ವಾರ ಆಗಿವೆ. ಮೊದಲ ತಿಂಗಳೇ ಮಂಗಳವಾರದ ಸಾಲು ಖಾಲಿಯಾಯಿತು. ಬೇರೆ ಸಾಲುಗಳಲ್ಲಿ ಸೊನ್ನೆ ಬರುವುದು ನಿಲ್ಲಲಿಲ್ಲ, ಹಾಗಾಗಿ ಸಣ್ಣ ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ಈಗ ಹತ್ತು ಹನ್ನೆರಡು ದಿನಕ್ಕೊಮ್ಮೆ ಆ ಕರುವಿನ ಸದ್ದು ಕೇಳುತ್ತದೆ. ತೂಕ ಮೂರೂವರೆ ಕಿಲೋಗೆ ಬಂದಿದೆ. ಕಾಯಿಲೆ ಏನೆಂದು ಕೇಳಿದರೆ ವೆಟ್ ಭುಜ ಹಾರಿಸಿ ನಗುತ್ತಾಳೆ. ಪೂರ್ತಿ ಎಂದೂ ತಿಳಿಯದೇ ಇರಬಹುದಂತೆ, ಬಯಾಪ್ಸಿ ಸದ್ಯಕ್ಕೆ ಬೇಡವಂತೆ. ಹೆಸರಿಲ್ಲದ ಕಾಯಿಲೆಯ ಜೊತೆ ದಿನ ಕಳೆಯಲು ಪಿಕ್ಕವ್ವ ನನಗಿಂತ ಬೇಗ ಕಲಿತಳು. ಕಾರಿಕೊಂಡು, ಮೀಸೆ ಒರೆಸಿಕೊಂಡು, ಬಿಸಿಲು ಬಿದ್ದ ಕಡೆ ಹೋಗಿ ಮಲಗುತ್ತಾಳೆ.

ಸೋಮವಾರ ನಾನೇ ಹಾಕುತ್ತೇನೆಂದು ಹೇಳಿದೆ. ನಿಮ್ಮವ್ವ ಬೇಡವೆಂದಳು, ನಾನು ಕೇಳಲಿಲ್ಲ. ಹಿಂಬಾಗಿಲ ಮೆಟ್ಟಿಲಿನ ಮೇಲೆ ಅವಳ ಬಟ್ಟಲಿದೆ, ಪಕ್ಕದಲ್ಲಿ ಹಿಡಿಗೆ ಕೆಂಪು ದಾರ ಸುತ್ತಿದ ಬೇರೆ ಚಮಚ. ಮೊದಮೊದಲು ಉಸಿರು ಬಿಗಿಹಿಡಿದು ಅವಳ ಆಹಾರದ ಪೊಟ್ಟಣ ಹರಿಯುತ್ತಿದ್ದೆ. ಈಗ ಅವಳ ಜೊತೆ ಮಾತನಾಡುತ್ತಾ ಹಾಕುತ್ತೇನೆ.

ಇವತ್ತು ಸೋಮವಾರ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕುಳಿತಿದ್ದೆ. ಹಿಂಬಾಗಿಲಲ್ಲಿ ನಿಂತು ಅವಳು ಕೂಗಿದಳು, ಹಳೆಯ ಹಾಗೆ, ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ. ಎದ್ದು ಹೋಗಿ ಹಾಕಿ ಬಂದೆ. ಕೈ ತೊಳೆದುಕೊಂಡು ಪೂಜೆ ಮುಂದುವರಿಸಿದೆ.

ಕ್ಯಾಲೆಂಡರಿನಲ್ಲಿ ನಾಳೆಯ ಮನೆ ಖಾಲಿ ಇದೆ. ಪೆನ್ಸಿಲ್ ಅಲ್ಲೇ ದಾರದಲ್ಲಿ ತೂಗುತ್ತಿದೆ.