ಒಂದೇ ಹೆಸರಿನ ಫೈಲುಗಳು

ಜಿಗಣೆ ಎಂಬ ಹೆಸರನ್ನು ಅಕ್ಕನಿಗೆ ಮೊದಲು ಇಟ್ಟವರು ಯಾರೋ ಗೊತ್ತಿಲ್ಲ. ಒಂದು ದೂರು ಕೈಗೆ ಬಂತೆಂದರೆ ಅದರ ಮೂಲ ಸಿಗುವ ತನಕ ಕಚ್ಚಿಕೊಂಡೇ ಇರುತ್ತಾರೆ, ಉಪ್ಪು ಹಾಕಿದರೂ ಬಿಡುವುದಿಲ್ಲ ಎಂದು ಆಫೀಸಿನಲ್ಲಿ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಹೇಗೋ ಅದು ಅವರ ಕಿವಿಗೂ ಬಿತ್ತು. ಕೆಟ್ಟ ರಕ್ತ ತೆಗೆಯೋಕೆ ಜಿಗಣೆನೇ ಬೇಕು ಕಣ್ರಪ್ಪ ಎಂದು ನಕ್ಕುಬಿಟ್ಟರು. ಆಮೇಲೆ ಎಲ್ಲರೂ ಎದುರಿಗೇ ಕರೆಯತೊಡಗಿದರು. ನಾನು ಜಿಗಣೆ ಅಕ್ಕ ಅನ್ನುತ್ತಿದ್ದೆ.

ನಮ್ಮದು ಕಂಪನಿಗಳಿಗೆ, ಆಸ್ಪತ್ರೆಗಳಿಗೆ, ಸಾರಿಗೆಯವರಿಗೆ ಕಂಪ್ಯೂಟರ್ ಅಪ್ಲಿಕೇಶನ್ ಬರೆದುಕೊಡುವ ಆಫೀಸು. ಜನ ತಮ್ಮ ಸರ್ಟಿಫಿಕೇಟು, ಅರ್ಜಿ, ರಜಾಚೀಟಿಗಳನ್ನು ಅದಕ್ಕೆ ಹಾಕುತ್ತಾರೆ. ಕೇಳಿದಾಗ ಅದು ತೆಗೆದು ತೋರಿಸಬೇಕು. ಇಷ್ಟೇ. ಈ ಇಷ್ಟೇ ಕೆಲಸವೂ ನೆಟ್ಟಗೆ ಆಗುವುದಿಲ್ಲ. ಹಾಕಿದ್ದು ಸಿಗುವುದಿಲ್ಲ, ಸಿಕ್ಕಿದ್ದು ತೆರೆಯುವುದಿಲ್ಲ, ತೆರೆದರೆ ಅಕ್ಷರದ ಜಾಗದಲ್ಲಿ ಬರೀ ಚೌಕಗಳು. ಇಂಥ ದೂರೆಲ್ಲ ಅಕ್ಕನ ಮೇಜಿಗೆ ಬರುತ್ತಿದ್ದವು. ಪಕ್ಕದ ಮೇಜು ನನ್ನದು. ಬರೆದ ಅಪ್ಲಿಕೇಶನ್ನನ್ನು ಗಿರಾಕಿಗೆ ಕೊಡುವ ಮುಂಚೆ ಪರೀಕ್ಷೆ ಮಾಡಿ, ಸರಿ ಇದೆ ಎಂದು ಗುರುತು ಹಾಕುವವಳು ನಾನು.

ಅಕ್ಕನಿಗೆ ಐವತ್ತಮೂರು. ಮೂಗಿನ ಮೇಲೊಂದು, ತಲೆಯ ಮೇಲೊಂದು, ಹೀಗೆ ಎರಡು ಕನ್ನಡಕ. ಗಂಡ ಹಾಸ್ಟೆಲ್ಲೊಂದರಲ್ಲಿ ಅಡಿಗೆಯವರು; ಮನೆಯಲ್ಲೂ ಅವರದೇ ಅಡಿಗೆ. ಅಕ್ಕನಿಗೆ ನೀರು ಕಾಯಿಸಲೂ ಸರಿಯಾಗಿ ಬರುವುದಿಲ್ಲ ಎಂಬುದನ್ನು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಮದುವೆಗೆ ಮುಂಚೆ ಕೋರ್ಟಿನಲ್ಲಿ ನಕಲು ಟೈಪು ಮಾಡುತ್ತಿದ್ದರಂತೆ. ಒಂದು ಹಾಳೆ ಕಾಣೆಯಾದದ್ದಕ್ಕೆ ಒಬ್ಬ ಮುದುಕ ಆರು ವರ್ಷ ಅದೇ ಬೆಂಚಿನ ಮೇಲೆ ಬಂದು ಕೂತದ್ದನ್ನು ನೋಡಿದ್ದರು. ಕಾಗದ ಹೋದರೆ ಮನುಷ್ಯನೇ ಹೋದ ಹಾಗೆ ಎಂಬ ಮಾತನ್ನು ಅವರಿಂದ ಎಷ್ಟು ಸಲ ಕೇಳಿದ್ದೇನೋ.

ಊಟದ ಕೋಣೆಗೆ ಅಕ್ಕ ಬರುತ್ತಿರಲಿಲ್ಲ. ಬರದಿದ್ದುದೇ ಒಳ್ಳೆಯದಾಯಿತು. ಸಿಂಕಿನಲ್ಲಿ ಯಾರೋ ತಿಂದು ಬಿಟ್ಟ ಎಂಜಲು ನೀರು ಕುಡಿದು ಉಬ್ಬಿಕೊಂಡಿರುತ್ತದೆ. ಕಾಫಿ ಯಂತ್ರದ ತಟ್ಟೆಯಲ್ಲಿ ಬೂಷ್ಟು ಹಿಡಿದ ನೀರು. ಅದರ ಮೇಲೆ ‘ದಯವಿಟ್ಟು ಸ್ವಚ್ಛವಾಗಿಡಿ’ ಎಂಬ ಚೀಟಿ, ಚೀಟಿಯ ಮೇಲೆ ಕಾಫಿ ಕಲೆ. ನೂರಿಪ್ಪತ್ತು ಜನ ಓದಿದವರು ದಿನಾ ಆ ಚೀಟಿ ಓದಿ, ಅದರ ಕೆಳಗೇ ಕಪ್ಪು ಇಟ್ಟು ಹೋಗುತ್ತಾರೆ. ಥೂ.

ಅದಕ್ಕಿಂತ ಹೇಸಿಗೆ ನಮ್ಮ ಮ್ಯಾನೇಜರ್. ಬರೆದ ಪ್ರತಿಯೊಂದು ಸಾಲಿನ ಕೊನೆಗೂ ನಗುವ ಮುಖದ ಚಿತ್ರ ಅಂಟಿಸುತ್ತಿದ್ದುದರಿಂದ ಅವರಿಗೆ ನಗುಮುಖ ಎಂದೇ ಹೆಸರು. ಯಾರನ್ನೋ ಕೆಲಸದಿಂದ ತೆಗೆದ ಪತ್ರದಲ್ಲೂ ಆ ಚಿತ್ರ ಇತ್ತು. ದೂರುಗಳು ಬಾಕಿ ಉಳಿಯಬಾರದು ಎಂಬುದು ಅವರ ಒಂದೇ ಮಂತ್ರ. ಹಾಗೆಂದು ತೊಂದರೆ ಸರಿಯಾಗಬೇಕು ಅಂತಲ್ಲ. ‘ಬಳಕೆದಾರರ ತಪ್ಪು’ ಎಂದು ಬರೆದು ಮುಚ್ಚಿದರೂ ಸಾಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ಅದನ್ನೇ ಅಚ್ಚುಕಟ್ಟಾಗಿ ಪಟ್ಟಿ ಮಾಡಿ ತಿಂಗಳ ಕೊನೆಗೆ ಚಪ್ಪಾಳೆ ತಟ್ಟುತ್ತಿದ್ದರು.

ಡ್ರೈವರಣ್ಣನ ದೂರನ್ನು ಅಕ್ಕನ ಮೇಜಿಗೆ ಬರುವ ಮುಂಚೆಯೇ ನಗುಮುಖ ಹೀಗೆ ನಾಲ್ಕು ಸಲ ಮುಚ್ಚಿದ್ದರು. ಐದನೇ ಸಲ ಆತ ತಾನೇ ಆಫೀಸಿಗೆ ಬಂದ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು. ಒಂದು ಅಪಘಾತವಿಲ್ಲ, ಯಾರ ಕನ್ನಡಿಗೂ ಒಂದು ಗೀರು ಹಾಕಿದವನಲ್ಲ. ಸಾರಿಗೆಯ ಚಾಲಕರು ವರ್ಷಕ್ಕೊಮ್ಮೆ ಕಣ್ಣು ತೋರಿಸಿ, ಆ ಸರ್ಟಿಫಿಕೇಟನ್ನು ನಾವು ಬರೆದುಕೊಟ್ಟ ಅಪ್ಲಿಕೇಶನ್ನಿಗೆ ಹಾಕಬೇಕು. ಈತನೂ ಹಾಕಿದ್ದ. ಆದರೆ ಡಿಪೋದವರು ತೆರೆದು ನೋಡಿದರೆ ಅಲ್ಲಿದ್ದದ್ದು ಬೇರೆ ಯಾವನೋ ಚಾಲಕನ ಸರ್ಟಿಫಿಕೇಟು. ಪರೀಕ್ಷೆಯನ್ನೇ ಮಾಡಿಸದೆ ಕೊನೆಯ ದಿನಾಂಕ ತಪ್ಪಿಸಿಕೊಳ್ಳಲು ಇನ್ನೊಬ್ಬನ ಕಾಗದ ಹಾಕಿದ್ದಾನೆ, ಇದು ವಂಚನೆ ಎಂದು ಕೆಲಸದಿಂದ ದೂರ ಇಟ್ಟರು. ಅಸಲು ಕಾಗದ ತಂದು ತೋರಿಸಿದರೆ, ಇದನ್ನು ಆಮೇಲೆ ಹಳೇ ತಾರೀಖು ಹಾಕಿ ಮಾಡಿಸಿಕೊಂಡಿರಬಹುದು ಎಂದರು. ವಿಚಾರಣೆಗೆ ಒಂಬತ್ತು ದಿನ ಉಳಿದಿತ್ತು.

ಆತ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಅಕ್ಕ ಎಲ್ಲವನ್ನೂ ಕೇಳಿ ಬರೆದುಕೊಂಡರು. ಎದ್ದು ಹೋಗುವಾಗ ಆತ ಹೇಳಿದ:

“ಕೆಲಸ ಹೋದ್ರೆ ಹೋಗ್ಲಿ ಮೇಡಂ, ಎಲ್ಲಾದ್ರೂ ಏನಾದ್ರೂ ಓಡಿಸ್ತೀನಿ. ಕಳ್ಳ ಅಂತ ಬರೀಬಾರ್ದು. ಆ ನೋಟೀಸನ್ನ ಮನೇಲಿ ನನ್ನ ಮಗಳೇ ಓದಿ ಹೇಳಿದ್ದು.”

ಅಕ್ಕ ಅವತ್ತೇ ಕಚ್ಚಿಕೊಂಡರು. ನಮ್ಮ ಆಫೀಸಿನಲ್ಲಿ ನಾಲ್ಕು ದಿನ ಎಷ್ಟು ಸಲ ಫೈಲು ಹಾಕಿ ತೆಗೆದರೂ ಎಲ್ಲ ಸರಿಯಾಗೇ ಇತ್ತು. ನಗುಮುಖ ಬಂದು, ನೋಡಿ, ನಾನು ಹೇಳಿರಲಿಲ್ವಾ ಎಂದು ಹಲ್ಲು ಕಿರಿದು ಹೋದರು. ಅಕ್ಕ ಮಾತ್ರ ಮರುದಿನ ಬೆಳಿಗ್ಗೆ ಡಿಪೋಗೆ ಹೋದರು. ಅದರ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಅಷ್ಟೂ ಚಾಲಕರು ಕಾಗದ ಸ್ಕ್ಯಾನ್ ಮಾಡಿಸುವುದು ಅಲ್ಲೇ. ಅಕ್ಕ ತಮ್ಮ ಗಂಡ ಬರೆದಿಟ್ಟ ಸಾಮಾನಿನ ಪಟ್ಟಿಯನ್ನು ಸ್ಕ್ಯಾನ್ ಮಾಡಿಸಿದರು. ಫೈಲಿಗೆ ಯಂತ್ರ ಕೊಟ್ಟ ಹೆಸರು ಸ್ಕ್ಯಾನ್ ಒಂದು. ಅದರ ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ಮತ್ತೆ ಹೋಗಿ ಕರೆಂಟು ಬಿಲ್ಲನ್ನು ಮಾಡಿಸಿದರು. ಅದಕ್ಕೂ ಸ್ಕ್ಯಾನ್ ಒಂದು ಎಂದೇ ಹೆಸರು.

ಅಂಗಡಿಯವರನ್ನು ಕೇಳಿದರೆ ಅವರು ಸಂಕೋಚದಿಂದಲೇ ಹೇಳಿದರಂತೆ: ಜನ ಏನೇನೋ ಕಾಗದ ತರುತ್ತಾರೆ, ರೋಗದ್ದು, ವಿಚ್ಛೇದನದ್ದು, ಅದೆಲ್ಲ ನನ್ನ ಯಂತ್ರದಲ್ಲಿ ಉಳಿಯಬಾರದು ಎಂದು ದಿನಾ ಸಂಜೆ ಎಲ್ಲ ಅಳಿಸಿಬಿಡುತ್ತೇನೆ, ಅದಕ್ಕೇ ಲೆಕ್ಕ ಬೆಳಿಗ್ಗೆ ಮತ್ತೆ ಒಂದರಿಂದ ಶುರುವಾಗುತ್ತದೆ. ಈ ಇಡೀ ಕತೆಯಲ್ಲಿ ಇನ್ನೊಬ್ಬರ ಕಾಗದವನ್ನು ಮರ್ಯಾದೆಯಿಂದ ನೋಡಿಕೊಂಡವರು ಅವರೊಬ್ಬರೇ. ಅವರ ಆ ಒಳ್ಳೇತನಕ್ಕೇ ನಮ್ಮ ಅಪ್ಲಿಕೇಶನ್ ಎಡವಿ ಬಿದ್ದಿತ್ತು. ಬೇರೆ ಬೇರೆಯವರ ಖಾತೆಯಿಂದಾದರೂ ಒಂದೇ ಹೆಸರಿನ ಎರಡು ಫೈಲು ಬಂದರೆ ಅದು ತುಟಿ ಪಿಟಕ್ಕೆನ್ನದೆ ಹಳೆಯದನ್ನು ಅಳಿಸಿ, ಅದೇ ಜಾಗದಲ್ಲಿ ಹೊಸದನ್ನು ಇಡುತ್ತಿತ್ತು. ಸೋಮವಾರ ಮೊದಲು ಬಂದ ಚಾಲಕನ ಸರ್ಟಿಫಿಕೇಟನ್ನು ಮಂಗಳವಾರ ಮೊದಲು ಬಂದವನದು ನುಂಗುತ್ತಿತ್ತು. ಡ್ರೈವರಣ್ಣ ಯಾವಾಗಲೂ ಬೇಗ ಏಳುವ ಮನುಷ್ಯ. ಅಂಗಡಿಗೆ ಮೊದಲು ಹೋದದ್ದೇ ಅವನ ಅಪರಾಧ.

ಅಕ್ಕ ಇದನ್ನು ನಗುಮುಖಕ್ಕೆ ಹೇಳಿದಾಗ ನಾನೂ ಅಲ್ಲೇ ಇದ್ದೆ. ಅವರ ಮುಖ ಒಂದು ಗಳಿಗೆ ಬಿಗಿದುಕೊಂಡು ಮತ್ತೆ ಅರಳಿತು. ಅಪ್ಲಿಕೇಶನ್ನನ್ನು ಮುಂದಿನ ವಾರ ಸದ್ದಿಲ್ಲದೆ ಸರಿ ಮಾಡೋಣ, ಈಗ ಮಾತ್ರ ಚಾಲಕರೇ ತಪ್ಪು ಫೈಲು ಆರಿಸಿದ್ದಾರೆ ಎಂದು ಒಂದು ಪತ್ರ ಕೊಟ್ಟುಬಿಡಿ ಎಂದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ. ನನಗೆ ಪಿತ್ತ ನೆತ್ತಿಗೇರಿತು. ಹೊರಗೆ ಬಂದ ಮೇಲೆ, ಈ ಮನುಷ್ಯನ ಮುಖಕ್ಕೆ ಉಗಿಯಬೇಕು ಅಕ್ಕ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ಮೇಜಿಗೆ ಹೋಗಿ, ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಅದು ಹಳೆಯ ಪರೀಕ್ಷಾ ಪಟ್ಟಿ. ಸಾರಿಗೆಯವರ ಆ ಅಪ್ಲಿಕೇಶನ್ನನ್ನು ಕೊಡುವ ಮುಂಚೆ ನೋಡಬೇಕಾದ ಅಂಶಗಳು ಸಾಲಾಗಿ ಇದ್ದವು. ಕೊನೆಯಿಂದ ಮೂರನೆಯದು: ಒಂದೇ ಹೆಸರಿನ ಎರಡು ಫೈಲು ಹಾಕಿದರೆ ಎರಡೂ ಉಳಿಯುತ್ತವೆಯೇ? ಮುಂದೆ ಸರಿ ಎಂಬ ಗುರುತು, ನನ್ನ ಹೆಸರು, ವೇಳೆ ಐದು ಇಪ್ಪತ್ತನಾಲ್ಕು. ಅದರ ಮೇಲಿನ ಐದು, ಕೆಳಗಿನ ಎರಡು, ಎಲ್ಲಕ್ಕೂ ಅದೇ ವೇಳೆ. ಒಂದೇ ನಿಮಿಷದಲ್ಲಿ ಎಂಟು ಪರೀಕ್ಷೆ.

“ನೀನೇ ಅಲ್ವೇನೇ ಇದು?” ಅಕ್ಕ ಕೇಳಿದರು.

ಹೌದು ಅಂದೆ. ಆಫೀಸಿನ ಬಸ್ಸು ಐದೂವರೆಗೆ ಹೊರಡುತ್ತದೆ. ಅವತ್ತೊಂದೇ ದಿನ ಅಲ್ಲ, ಬಸ್ಸು ತಪ್ಪಿಹೋಗುತ್ತದೆ ಅನ್ನಿಸಿದ ದಿನಗಳಲ್ಲೆಲ್ಲ ನಾನು ಹೀಗೇ ಮಾಡುತ್ತಿದ್ದೆ. ಎಲ್ಲರೂ ಮಾಡುತ್ತಿದ್ದರು. ಅದನ್ನೇ ಹೇಳಿದೆ. ಎಲ್ಲರೂ ಎಂಬ ಮಾತು ನನ್ನ ಬಾಯಿಂದ ಬಂದದ್ದನ್ನು ಕೇಳಿ ನನಗೇ ಹೇಸಿಗೆಯಾಯಿತು.

“ನಾಡಿದ್ದು ವಿಚಾರಣೆಗೆ ನೀನೂ ಬಾ,” ಅಂದರು. “ನಾವು ಪರೀಕ್ಷೆ ಮಾಡಿರಲಿಲ್ಲ ಅಂತ ನೀನೇ ಹೇಳಿಬಿಡು. ನಾನು ಹೇಳಿದ್ರೆ ಚಾಡಿ ಆಗತ್ತೆ.”

ಹೋದೆ. ಡಿಪೋದ ಮಹಡಿಯ ಮೇಲೆ ಒಂದು ಕೋಣೆ, ಕಿಟಕಿಯಿಂದ ಡೀಸೆಲ್ ಹೊಗೆ ಬರುತ್ತಿತ್ತು. ವಿಚಾರಣಾಧಿಕಾರಿ ಮುಖ ಗಂಟಿಕ್ಕಿಕೊಂಡೇ ಕೂತಿದ್ದರು. ಅಕ್ಕ ಭಾಷಣ ಮಾಡಲಿಲ್ಲ. ಅಧಿಕಾರಿಯ ಕಂಪ್ಯೂಟರಿನಲ್ಲಿದ್ದ ಅವರದೇ ರಜಾಚೀಟಿಗೆ ಸ್ಕ್ಯಾನ್ ಒಂದು ಎಂದು ಹೆಸರಿಡಿಸಿ, ಅವರ ಕೈಯಿಂದಲೇ ಅವರ ಖಾತೆಗೆ ಹಾಕಿಸಿದರು. ತೆರೆದರೆ ರಜಾಚೀಟಿ ಬಂತು. ಆಮೇಲೆ ಡ್ರೈವರಣ್ಣನ ಖಾತೆಗೆ ತಮ್ಮ ಮನೆಯ ಕರೆಂಟು ಬಿಲ್ಲನ್ನು, ಅದೇ ಹೆಸರಿನದನ್ನು, ಹಾಕಿದರು. ಈಗ ನಿಮ್ಮ ರಜಾಚೀಟಿ ಇನ್ನೊಮ್ಮೆ ತೆರೆಯಿರಿ ಎಂದರು. ಅಧಿಕಾರಿ ಒತ್ತಿದರು. ಕರೆಂಟು ಬಿಲ್ಲು ಬಂತು. ಮತ್ತೆ ಒತ್ತಿದರು. ಮತ್ತೆ ಅದೇ ಬಿಲ್ಲು.

“ನನ್ನ ಮನೆ ಬಿಲ್ಲು ನಿಮ್ಮ ಹೆಸರಲ್ಲಿ ಬಂದು ಕೂತಿದೆ ಸಾರ್,” ಅಕ್ಕ ಅಂದರು. “ನೀವು ವಂಚನೆ ಮಾಡಿದ್ರಾ?”

ಅಧಿಕಾರಿ ಮೂರನೆಯ ಸಲ ಒತ್ತಿ ನೋಡಿದರು. ಆಮೇಲೆ, ಇದನ್ನು ಕೊಡುವ ಮುಂಚೆ ನಿಮ್ಮಲ್ಲಿ ಯಾರೂ ಪರೀಕ್ಷೆ ಮಾಡಿರಲಿಲ್ಲವೇ ಎಂದು ಕೇಳಿದರು. ಅಕ್ಕ ನನ್ನ ಕಡೆ ತಿರುಗಲಿಲ್ಲ, ಆದರೆ ಉತ್ತರವನ್ನೂ ಕೊಡಲಿಲ್ಲ. ನನಗಾಗಿ ಜಾಗ ಬಿಟ್ಟು ಕಾದರು. ನಾನು ಬಗ್ಗಿ, ಚೀಲದಲ್ಲಿ ಇಲ್ಲದ ಪೆನ್ನನ್ನು ಹುಡುಕಿದೆ. ಹುಡುಕುತ್ತಲೇ ಇದ್ದೆ. ಕೊನೆಗೆ ಅಕ್ಕನೇ, ಮಾಡಬೇಕಿತ್ತು ಸಾರ್, ನಮ್ಮ ಆಫೀಸಿನದೇ ತಪ್ಪು ಎಂದರು. ಅಧಿಕಾರಿ ವಂಚನೆ ಎಂಬ ಪದದ ಮೇಲೆ ಗೀಟು ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ಡ್ರೈವರಣ್ಣ ಆ ಗೀಟನ್ನೇ ನೋಡುತ್ತ ನಿಂತಿದ್ದ.

ಮರುದಿನ ನಗುಮುಖ ನನ್ನನ್ನು ಒಳಗೆ ಕರೆದರು. ಕೂರಲು ಹೇಳಿ, ನೀರು ಕೊಟ್ಟರು. ಆ ಅಪ್ಲಿಕೇಶನ್ ಪರೀಕ್ಷೆ ಮಾಡಿದ್ದು ನೀವೇ ಅಲ್ಲವೇ ಎಂದು ಮೆಲ್ಲಗೆ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಆದರೆ ನನ್ನ ಕೈ ನನ್ನ ಹೆಗಲಿಗೆ ಹೋಗಲಿಲ್ಲ, ಇನ್ನೊಬ್ಬರ ಹೆಗಲಿಗೆ ಹೋಯಿತು.

“ನಾನು ನೋಡಿದಾಗ ಸರಿ ಇತ್ತು ಸಾರ್,” ಅಂದೆ. “ಆಮೇಲೆ ಯಾರು ಕೈ ಹಾಕಿದ್ರೋ ಗೊತ್ತಿಲ್ಲ.”

ಆಮೇಲೆ ಅದಕ್ಕೆ ಕೈ ಹಾಕಿದವರು ಒಬ್ಬರೇ, ದೂರು ಬಂದಾಗಲೆಲ್ಲ ಒಳಗಿಳಿದು ನೋಡುತ್ತಿದ್ದ ಜಿಗಣೆ ಅಕ್ಕ. ಅದು ನನಗೂ ಗೊತ್ತಿತ್ತು, ನಗುಮುಖಕ್ಕೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದೂ ಅಷ್ಟೇ. ಆ ಪರೀಕ್ಷಾ ಪಟ್ಟಿಯನ್ನು ತೆರೆದು ನೋಡಿದ್ದರೆ ಎಂಟು ಸಾಲೂ ಕಣ್ಣಿಗೆ ಬೀಳುತ್ತಿದ್ದವು. ಅವರು ತೆರೆಯಲಿಲ್ಲ. ತೆರೆಯಿರಿ ಎಂದು ನಾನೂ ಹೇಳಲಿಲ್ಲ.

ಪತ್ರ ಶುಕ್ರವಾರ ಬಂತು. ಅಪ್ಲಿಕೇಶನ್ನಿನಲ್ಲಿ ಅನುಮತಿಯಿಲ್ಲದೆ ಬದಲಾವಣೆ ಮಾಡಿ ದೋಷ ತಂದಿದ್ದಾರೆ, ಪರೀಕ್ಷಕರ ಹೇಳಿಕೆ ಲಗತ್ತಿಸಿದೆ, ಇಂದಿನಿಂದಲೇ ಬರುವುದು ಬೇಡ. ಅಕ್ಕ ನಿಂತುಕೊಂಡೇ ಪೂರ್ತಿ ಓದಿದರು. ಲಗತ್ತಿಸಿದ್ದನ್ನು ಎರಡು ಸಲ ಓದಿದರು. ಬೈಯುತ್ತಾರೆ ಎಂದು ಕಾದೆ; ಬೈದಿದ್ದರೆ ನಾನೂ ಏನಾದರೂ ಅಂದು, ಜಗಳವಾಡಿ ಹಗುರವಾಗುತ್ತಿದ್ದೆ. ಅವರು ಊಟದ ಡಬ್ಬಿ, ಎರಡು ಕನ್ನಡಕ, ಮೇಜಿನ ಮೇಲಿದ್ದ ಕೈಚೌಕ ಚೀಲಕ್ಕೆ ಹಾಕಿಕೊಂಡು, ಗೋಡೆಯ ಗಡಿಯಾರ ನೋಡಿದರು.

“ಐದೂವರೆಗೆ ಅಲ್ವಾ ನಿನ್ನ ಬಸ್ಸು?” ಅಂದರು. “ಹೊರಡು, ತಪ್ಪಿಹೋಗತ್ತೆ.”

ಇದಾಗಿ ಹತ್ತು ದಿನಕ್ಕೆ ಡ್ರೈವರಣ್ಣ ಬಂದ. ಮೈಮೇಲೆ ಇಸ್ತ್ರಿ ಮಾಡಿದ ಸಮವಸ್ತ್ರ, ತಲೆಯ ಮೇಲೆ ಟೋಪಿ. ಮತ್ತೆ ಅದೇ ಹಳೆಯ ದಾರಿಯ ಬಸ್ಸು ಕೊಟ್ಟಿದ್ದಾರಂತೆ. ಅಕ್ಕನ ಮನೆಗೆ ಹೋಗಿ ಬಂದೆ ಎಂದ. ಅವರಿನ್ನೂ ಬೇರೆ ಕೆಲಸ ಹುಡುಕುತ್ತಿದ್ದಾರೆ, ಯಾಕೆ ಬಿಟ್ಟರೋ ಕೇಳಿದರೆ ಹೇಳಲೇ ಇಲ್ಲ ಎಂದು ಬೇಜಾರು ಮಾಡಿಕೊಂಡ. ಇವನಿಗಾದರೂ ಹೇಳಿಬಿಡಬೇಕು ಎಂದುಕೊಂಡೆ.

“ಅವತ್ತು ನೀವೂ ಅವರ ಜೊತೆ ಬಂದಿದ್ರಿ,” ಅಂದ. “ನಿಮಗೂ ಒಂದು ಮಾತು ಹೇಳಿ ಹೋಗಿ ಅಂತ ಅಕ್ಕನೇ ಹೇಳಿದ್ರು. ನಿಮ್ಮಿಬ್ಬರಿಂದ ನನ್ನ ಮಾನ ಉಳೀತು ಮೇಡಂ.”

ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈ ಜೋಡಿಸಿ ನನಗೆ ನಮಸ್ಕಾರ ಮಾಡಿದ. ನಾನು ಕುರ್ಚಿಯಿಂದ ಎದ್ದು ನಿಂತೆ. “ಅಯ್ಯೋ, ಇರಲಿ ಬಿಡಿ ಅಣ್ಣ, ನಮ್ಮ ಕೆಲಸ ತಾನೇ,” ಅಂದೆ.